ಪ್ರಾರ್ಥನೆ, ಹರಕೆ, ಶಾಪ: ಪ್ರಾಚೀನ ಗ್ರೀಕರಲ್ಲಿ ಮತ್ತು ಕನ್ನಡ ನಾಡಿನಲ್ಲಿ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ನೀರಮಾನ್ವಿಯು ಯಲ್ಲಮ್ಮನ ಕ್ಷೇತ್ರವೆಂದು ಆ ಸೀಮೆಯಲ್ಲಿ ಹೆಸರಾದುದು. ಅಲ್ಲಿಯ ಜಾತ್ರೆಗೆ ಬರುವ ಭಕ್ತರಲ್ಲಿ ಹಲವರು ಬರಿಗೈಯಲ್ಲಿ ಬರುವವರಲ್ಲ. ಹಿಂದೆಂದೋ ಆಡಿದ ಮಾತೊಂದನ್ನು ಹೊತ್ತು ಬರುವವರು. ಮಗುವಿನ ಜ್ವರ ಇಳಿದರೆ, ಬಾವಿಗೆ ನೀರು ಬಿದ್ದರೆ, ಮಗಳಿಗೆ ಸಂಬಂಧ ಕೂಡಿ ಬಂದರೆ ಇಂತಹುದನ್ನು ಒಪ್ಪಿಸುವೆನೆಂದು ದೇವಿಯ ಮುಂದೆ ನುಡಿದಿದ್ದ ಮಾತು ಅದು. ಉಡಿ ತುಂಬುವುದು, ದೀಡು ನಮಸ್ಕಾರ ಹಾಕುವುದು, ಬೆಳ್ಳಿಯ ಕಣ್ಣನ್ನೋ ತೊಟ್ಟಿಲನ್ನೋ ಅರ್ಪಿಸುವುದು ಇವೆಲ್ಲ ಆ ಮಾತನ್ನು ತೀರಿಸುವ ಬಗೆಗಳು. ಕನ್ನಡದಲ್ಲಿ ಸಾಲವನ್ನು ಹೊರುತ್ತೇವೆ, ಸಾಲವನ್ನು ತೀರಿಸುತ್ತೇವೆ. ಹರಕೆಯನ್ನೂ ಹಾಗೆಯೇ ಹೊರುತ್ತೇವೆ, ತೀರಿಸುತ್ತೇವೆ. ಭಾಷೆಯೇ ಇಲ್ಲಿ ನಂಬಿಕೆಯ ಸ್ವರೂಪವನ್ನು ಹೇಳಿಕೊಡುತ್ತಿದೆ.

‘ಹರಕೆ’ ಎಂಬ ಶಬ್ದವು ಇನ್ನೂ ಒಂದು ಕಾರಣಕ್ಕೆ ವಿಚಾರಣೀಯವಾಗಿದೆ. ಹಳಗನ್ನಡದ ‘ಪರಸು’ ಎಂಬ ಧಾತು ಕಾಲಕ್ರಮದಲ್ಲಿ ‘ಹರಸು’ ಎಂದಾಯಿತು, ‘ಪರಕೆ’ಯು ‘ಹರಕೆ’ಯಾಯಿತು. ಹಿರಿಯರ ಹರಕೆ ಎಂದಾಗ ಅದು ಆಶೀರ್ವಾದ. ದೇವರಿಗೆ ಹೊತ್ತ ಹರಕೆ ಎಂದಾಗ ಅದು ಮುಡಿಪಿನ ವಾಗ್ದಾನ. ಒಂದೇ ಶಬ್ದವು ಮೇಲಿನಿಂದ ಕೆಳಗಿಳಿಯುವ ಶುಭವನ್ನೂ ಕೆಳಗಿನಿಂದ ಮೇಲೇರುವ ಸಂಕಲ್ಪವನ್ನೂ ಸೂಚಿಸುತ್ತದೆ. ಇದಕ್ಕೆ ಸರಿಸಮಾನವಾದ ಸಂಗತಿಯನ್ನು ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಕಾಣಬಹುದು. ಆ ಭಾಷೆಯು ಪ್ರಾರ್ಥನೆ, ಹರಕೆ, ಶಾಪಗಳನ್ನು ಪ್ರತ್ಯೇಕ ಶಬ್ದಗಳಿಂದ ಬೇರ್ಪಡಿಸದೆ ಒಂದರೊಳಗೊಂದನ್ನು ಹೆಣೆದಿದೆ. ಆ ಹೆಣಿಗೆಯನ್ನು ಬಿಡಿಸಿ ನೋಡಿದರೆ ನಮ್ಮ ನಾಡಿನ ಶಾಸನಗಳಲ್ಲಿಯೂ ಜಾತ್ರೆಗಳಲ್ಲಿಯೂ ಕಂಡುಬರುವ ಹಲವು ಆಚಾರಗಳ ಅರ್ಥ ತಿಳಿಯಾಗುತ್ತದೆ. ಶಿವಶರಣರು ಈ ವಿಷಯದಲ್ಲಿ ತಂದ ಪರಿವರ್ತನೆಯ ಹಿರಿಮೆಯೂ ಮನದಟ್ಟಾಗುತ್ತದೆ.

ಗ್ರೀಕರ ಶಬ್ದಗಳು

ಗ್ರೀಕ್ ಭಾಷೆಯಲ್ಲಿ ಪ್ರಾರ್ಥನೆಗೆ ಮುಖ್ಯವಾದ ಶಬ್ದ ‘ಎವ್ಖೆ’. ಇದಕ್ಕೆ ಪ್ರಾರ್ಥನೆ ಎಂಬ ಅರ್ಥವೂ ಹರಕೆ ಎಂಬ ಅರ್ಥವೂ ಉಂಟು. ಇದರ ಕ್ರಿಯಾರೂಪಕ್ಕೆ ‘ಎದೆಯೆತ್ತಿ ಸಾರು’, ‘ಹೆಮ್ಮೆಯಿಂದ ಹೇಳಿಕೊ’ ಎಂಬ ಅರ್ಥವೂ ಇದೆ. ಹೋಮರನ ಕಾವ್ಯಗಳಲ್ಲಿ ವೀರನೊಬ್ಬನು ತಾನು ಇಂಥವನ ಮಗನೆಂದು ಸಾರಿಕೊಳ್ಳುವಾಗಲೂ, ದೇವತೆಗೆ ಕೈಯೆತ್ತಿ ಬೇಡಿಕೊಳ್ಳುವಾಗಲೂ ಕವಿಯು ಬಳಸುವ ಕ್ರಿಯಾಪದ ಒಂದೇ. ಇದರಿಂದ ತಿಳಿದುಬರುವುದೇನೆಂದರೆ, ಗ್ರೀಕರ ಪ್ರಾರ್ಥನೆ ಮೂಲತಃ ಮೌನದ ಧ್ಯಾನವಲ್ಲ. ಸಾಕ್ಷಿಗಳ ಎದುರಿನಲ್ಲಿ ಗಟ್ಟಿಯಾಗಿ ಆಡಿದ, ಆಡಿದವನನ್ನು ಕಟ್ಟಿಹಾಕುವ ಮಾತು.

ಎರಡನೆಯ ಶಬ್ದ ‘ಅರಾ’. ಇದಕ್ಕೆ ಪ್ರಾರ್ಥನೆ ಎಂಬ ಅರ್ಥವೂ ಶಾಪ ಎಂಬ ಅರ್ಥವೂ ಇವೆ. ‘ಇಲಿಯಡ್’ ಕಾವ್ಯದ ಮೊದಲ ಸಂಧಿಯಲ್ಲಿ ಅಪೊಲೊ ದೇವನ ಪೂಜಾರಿ ಕ್ರೈಸೆಸ್‌ನನ್ನು ಕವಿಯು ‘ಅರೇತೇರ್’ ಎಂದು ಕರೆಯುತ್ತಾನೆ. ಎಂದರೆ ‘ಅರಾ’ವನ್ನು ನುಡಿಯುವವನು. ಸೆರೆಯಾದ ತನ್ನ ಮಗಳನ್ನು ಬಿಡಿಸಿಕೊಳ್ಳಲು ಹೋಗಿ ಅವಮಾನಿತನಾದ ಆ ಮುದುಕನು ಕಡಲ ದಂಡೆಯಲ್ಲಿ ಒಂಟಿಯಾಗಿ ನಡೆದು ದೇವನನ್ನು ಕರೆಯುತ್ತಾನೆ. ತಾನು ಹಿಂದೆ ಕಟ್ಟಿಸಿದ ಗುಡಿಯನ್ನೂ ಸಲ್ಲಿಸಿದ ಬಲಿಗಳನ್ನೂ ನೆನಪಿಸಿ, ತನ್ನ ಕಣ್ಣೀರಿನ ಬೆಲೆಯನ್ನು ಗ್ರೀಕರು ತೆರುವಂತೆ ಮಾಡೆಂದು ಬೇಡುತ್ತಾನೆ. ಒಂಬತ್ತು ದಿನ ಪಾಳೆಯದಲ್ಲಿ ಸಾವಿನ ಬಾಣಗಳು ಸುರಿಯುತ್ತವೆ. ಇದು ಪ್ರಾರ್ಥನೆಯೋ ಶಾಪವೋ ಎಂದು ಕೇಳಿದರೆ ಗ್ರೀಕನಿಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ನುಡಿದವನ ಪಾಲಿಗೆ ಅದು ಪ್ರಾರ್ಥನೆ, ತಟ್ಟಿಸಿಕೊಂಡವರ ಪಾಲಿಗೆ ಶಾಪ.

ಅದೇ ಕಾವ್ಯದ ಒಂಬತ್ತನೆಯ ಸಂಧಿಯಲ್ಲಿ ಬರುವ ರೂಪಕವೊಂದು ಇನ್ನೂ ಮಾರ್ಮಿಕವಾಗಿದೆ. ‘ಲಿತಾಯ್’, ಎಂದರೆ ಮೊರೆಗಳು, ಸ್ಯೂಸ್ ದೇವನ ಹೆಣ್ಣುಮಕ್ಕಳು. ಅವರು ಕುಂಟುತ್ತ ನಡೆಯುವವರು, ಸುಕ್ಕುಗಟ್ಟಿದ ಮುಖದವರು. ಕೇಡೆಂಬವಳು ಬಲಿಷ್ಠಳಾಗಿ ಮುಂದೆ ಓಡುತ್ತಾಳೆ. ಮೊರೆಗಳು ಹಿಂದಿನಿಂದ ಬಂದು ಆದ ಗಾಯವನ್ನು ವಾಸಿಮಾಡುತ್ತವೆ. ಆದರೆ ಯಾವನು ಅವರನ್ನು ನಿರಾಕರಿಸುವನೋ ಅವನ ಬೆನ್ನಿಗೆ ಕೇಡನ್ನೇ ಕಳುಹಿಸೆಂದು ಅವರು ತಂದೆಯನ್ನು ಕೇಳಿಕೊಳ್ಳುತ್ತಾರೆ. ತಿರಸ್ಕೃತವಾದ ಮೊರೆಯೇ ಶಾಪವಾಗಿ ಮಾರ್ಪಡುವ ಈ ಕಲ್ಪನೆಯು ನಮ್ಮ ಜನರ ‘ಬಡವರ ನಿಟ್ಟುಸಿರು ತಟ್ಟುತ್ತದೆ’ ಎಂಬ ನಂಬಿಕೆಗಿಂತ ಬೇರೆಯಲ್ಲ.

ಮೂರನೆಯದು ‘ಹೊರ್ಕೊಸ್’, ಎಂದರೆ ಆಣೆ. ಆಣೆಯಿಡುವವನು ದೇವತೆಗಳನ್ನು ಸಾಕ್ಷಿಗೆ ಕರೆದು, ತಪ್ಪಿದರೆ ತನಗೂ ತನ್ನ ಸಂತತಿಗೂ ನಾಶ ಬರಲೆಂದು ತನ್ನನ್ನು ತಾನೇ ಶಪಿಸಿಕೊಳ್ಳುತ್ತಾನೆ. ‘ಇಲಿಯಡ್’ನಲ್ಲಿ ಎರಡು ಸೇನೆಗಳವರು ಒಪ್ಪಂದ ಮಾಡಿಕೊಳ್ಳುವಾಗ ನೆಲಕ್ಕೆ ಮದ್ಯವನ್ನು ಸುರಿದು, ಮಾತಿಗೆ ತಪ್ಪಿದವರ ಮಿದುಳು ಹೀಗೆಯೇ ಸುರಿಯಲೆಂದು ನುಡಿಯುತ್ತಾರೆ. ಕನ್ನಡ ನಾಡಿನಲ್ಲಿ ಉರಿಯುವ ದೀಪವನ್ನೋ ಕರ್ಪೂರವನ್ನೋ ಆರಿಸಿ ಪ್ರಮಾಣ ಮಾಡುವ ರೂಢಿಯಲ್ಲಿರುವ ತತ್ತ್ವವೂ ಇದೇ: ಸುಳ್ಳಾಡಿದರೆ ವಂಶದ ಬೆಳಕು ಹೀಗೆ ನಂದಲಿ ಎಂಬುದು ಅದರ ಆಶಯ. ಸಂಸ್ಕೃತದಲ್ಲಿ ‘ಶಪಥ’ ಮತ್ತು ‘ಶಾಪ’ ಎಂಬ ಎರಡು ಶಬ್ದಗಳೂ ‘ಶಪ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ತನ್ನ ಕಡೆಗೆ ತಿರುಗಿದ ಶಾಪವೇ ಶಪಥ. ಪರರ ಕಡೆಗೆ ತಿರುಗಿದ ಶಪಥವೇ ಶಾಪ.

ಕೊಟ್ಟು ಕೊಳ್ಳುವ ಕ್ರಮ

ಗ್ರೀಕರ ಪ್ರಾರ್ಥನೆಗೆ ಒಂದು ನಿಯತವಾದ ಕಟ್ಟಳೆ ಇತ್ತು. ಮೊದಲು ದೇವತೆಯ ಹೆಸರು, ಬಿರುದು, ನೆಲೆಗಳನ್ನು ಹೇಳಿ ಕರೆಯುವುದು, ಬಳಿಕ ತಾನು ಹಿಂದೆ ಸಲ್ಲಿಸಿದ್ದನ್ನೋ ಮುಂದೆ ಸಲ್ಲಿಸಲಿರುವುದನ್ನೋ ಎಣಿಸುವುದು, ಕಡೆಗೆ ಬೇಡಿಕೆ. ಮಧ್ಯದ ಭಾಗವೇ ಹರಕೆಯ ಬೀಜ. ಆಕಾಶದ ದೇವತೆಗಳನ್ನು ಕರೆಯುವಾಗ ಅಂಗೈಗಳನ್ನು ಮೇಲಕ್ಕೆತ್ತುತ್ತಿದ್ದರು. ಪಾತಾಳದ ಶಕ್ತಿಗಳನ್ನು ಕರೆಯುವಾಗ ನೆಲದ ಕಡೆಗೆ ಬಾಗುತ್ತಿದ್ದರು. ಸೋದರನನ್ನು ಕೊಂದ ಮಗನ ಮೇಲೆ ಮುನಿದ ಅಲ್ಥೇಯಾ ಎಂಬ ತಾಯಿಯು ನೆಲವನ್ನು ಕೈಗಳಿಂದ ಬಡಿಬಡಿದು ಮೃತ್ಯುಲೋಕದ ಒಡೆಯನನ್ನು ಕೂಗಿ ಮಗನಿಗೆ ಸಾವನ್ನು ಬೇಡಿದಳೆಂದು ಹೋಮರನು ಹೇಳುತ್ತಾನೆ. ಹಿಡಿ ಮಣ್ಣನ್ನು ತೂರಿ ‘ಹಿಡಿಶಾಪ’ ಹಾಕುವ ನಮ್ಮ ಹಳ್ಳಿಗಳ ನೊಂದ ತಾಯಂದಿರ ಚಿತ್ರ ಇಲ್ಲಿ ನೆನಪಿಗೆ ಬಾರದಿರದು.

ಹರಕೆಯು ಒಬ್ಬ ವ್ಯಕ್ತಿಯದಾಗಿರುವಂತೆ ಇಡೀ ಪಟ್ಟಣದ್ದೂ ಆಗಬಹುದಾಗಿತ್ತು. ಕ್ರಿ.ಪೂ. 490ರಲ್ಲಿ ಪಾರಸಿಕ ಸೇನೆ ಮ್ಯಾರಥಾನ್ ಬಯಲಿನಲ್ಲಿ ಬಂದಿಳಿದಾಗ ಅಥೆನ್ಸಿನವರು, ತಾವು ಕೊಲ್ಲುವ ಒಬ್ಬೊಬ್ಬ ಶತ್ರುವಿಗೆ ಒಂದೊಂದು ಮೇಕೆಯನ್ನು ಆರ್ಟೆಮಿಸ್ ದೇವಿಗೆ ಬಲಿ ಕೊಡುವುದಾಗಿ ಹರಕೆ ಹೊತ್ತರು. ಆ ಯುದ್ಧದಲ್ಲಿ ಸತ್ತ ಪಾರಸಿಕರು 6,400 ಮಂದಿ ಎಂದು ಹೆರೊಡೊಟಸ್ ಬರೆದಿದ್ದಾನೆ. ಅಷ್ಟು ಮೇಕೆಗಳು ದೊರೆಯಲಿಲ್ಲ. ಆದಕಾರಣ ವರ್ಷಕ್ಕೆ 500ರಂತೆ ತೀರಿಸಲು ನಿರ್ಣಯಿಸಿದರು. ಸುಮಾರು ನೂರು ವರ್ಷಗಳ ತರುವಾಯ ಬರೆದ ಕ್ಸೆನೊಫೋನನು, ಆ ಬಲಿ ತನ್ನ ಕಾಲದಲ್ಲಿಯೂ ನಡೆಯುತ್ತಿದೆಯೆಂದು ಹೇಳುತ್ತಾನೆ. 6,400ನ್ನು 500ರಿಂದ ಭಾಗಿಸಿದರೆ ಹದಿಮೂರು ವರ್ಷಗಳಲ್ಲಿ ತೀರಬೇಕಾಗಿದ್ದ ಲೆಕ್ಕ! ಭಯದಲ್ಲಿ ಹೊತ್ತ ಹರಕೆಯು ಮರಿಮಕ್ಕಳ ಕಾಲಕ್ಕೂ ತೀರದ ಬಗೆಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ರೋಗ ವಾಸಿಯಾದವರು ವೈದ್ಯದೇವನಾದ ಅಸ್ಕ್ಲೆಪಿಯಸ್‌ನ ಗುಡಿಗೆ ಮಣ್ಣಿನ ಕೈ, ಕಾಲು, ಕಣ್ಣು, ಕಿವಿಗಳನ್ನು ಮಾಡಿಸಿ ಅರ್ಪಿಸುತ್ತಿದ್ದರು. ಕೊರಿಂಥ್ ನಗರದ ಉತ್ಖನನದಲ್ಲಿ ಇವು ರಾಶಿರಾಶಿಯಾಗಿ ದೊರೆತಿವೆ. ನಮ್ಮ ಕ್ಷೇತ್ರಗಳ ಬೆಳ್ಳಿಯ ಅಂಗಾಂಗಗಳಿಗೂ ಇವಕ್ಕೂ ದ್ರವ್ಯದಲ್ಲಿ ಭೇದವೇ ಹೊರತು ಭಾವದಲ್ಲಿ ಇಲ್ಲ. ಹೀಗೆ ಗುಡಿಯಲ್ಲಿ ನಿಲ್ಲಿಸಿದ ಕಾಣಿಕೆಗೆ ಗ್ರೀಕರು ‘ಅನಾಥೆಮಾ’ ಎನ್ನುತ್ತಿದ್ದರು. ಮುಂದೆ ಯೆಹೂದ್ಯರ ಮತ್ತು ಕ್ರೈಸ್ತರ ಗ್ರಂಥಗಳ ಗ್ರೀಕ್ ಭಾಷೆಯಲ್ಲಿ ಇದೇ ಶಬ್ದಕ್ಕೆ ‘ಶಾಪಗ್ರಸ್ತ’, ‘ಬಹಿಷ್ಕೃತ’ ಎಂಬ ಅರ್ಥ ಬಂದಿತು. ದೇವರಿಗೆಂದು ಮುಡಿಪಿಟ್ಟ ವಸ್ತು ಮನುಷ್ಯರ ಬಳಕೆಗೆ ಸಲ್ಲದು; ಸಲ್ಲದ್ದನ್ನು ಮುಟ್ಟಿದವನಿಗೆ ಕೇಡು. ಕಾಣಿಕೆ ಮತ್ತು ಶಾಪಗಳ ನಡುವಣ ಗೋಡೆ ಎಷ್ಟು ತೆಳುವಾದುದೆಂಬುದಕ್ಕೆ ಈ ಶಬ್ದದ ಚರಿತ್ರೆಯೇ ಪ್ರಮಾಣ.

ಕಲ್ಲಿನಲ್ಲಿ ಕೊರೆದ ಶಾಪ

ಏಷ್ಯಾ ಮೈನರಿನ ಟಿಯೊಸ್ ಎಂಬ ಗ್ರೀಕ್ ಪಟ್ಟಣದವರು ಕ್ರಿ.ಪೂ. ಸುಮಾರು 470ರಲ್ಲಿ ಕಲ್ಲಿನ ಮೇಲೆ ಶಾಪಗಳನ್ನು ಬರೆಸಿದರು. ಊರ ಜನರಿಗೆ ವಿಷ ಪ್ರಯೋಗ ಮಾಡುವವನು, ಹೊರಗಿನಿಂದ ಧಾನ್ಯ ಬಾರದಂತೆ ತಡೆಯುವವನು ತನ್ನ ಕುಲಸಹಿತ ನಾಶವಾಗಲೆಂದು ಅದು ಸಾರುತ್ತದೆ. ಹಬ್ಬಗಳಂದು ಜನ ನೆರೆದಾಗ ಅಧಿಕಾರಿಗಳು ಇದನ್ನು ಗಟ್ಟಿಯಾಗಿ ಉಚ್ಚರಿಸಬೇಕಾಗಿತ್ತು. ಉಚ್ಚರಿಸದ ಅಧಿಕಾರಿಗೂ ಆ ಶಾಪವೇ. ಕಲ್ಲನ್ನು ಒಡೆದವನಿಗೂ ಅಕ್ಷರಗಳನ್ನು ಅಳಿಸಿದವನಿಗೂ ಆ ಶಾಪವೇ. ಇಲ್ಲಿ ಶಾಪವು ಸಿಟ್ಟಿನ ಮಾತಲ್ಲ, ರಾಜ್ಯದ ಕಾನೂನು. ಕಳ್ಳತನದಲ್ಲಿ ನಡೆಯುವ ಅಪರಾಧಕ್ಕೆ ಮನುಷ್ಯ ಸಾಕ್ಷಿಗಳು ಇರುವುದಿಲ್ಲವಾದ್ದರಿಂದ ದೇವತೆಗಳೇ ಅದರ ಕಾವಲುಗಾರರು.

ಕನ್ನಡ ನಾಡಿನ ಶಾಸನಗಳನ್ನು ಓದಿದವರಿಗೆ ಇದು ಹೊಸದೆನಿಸದು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಕ್ರಿ.ಶ. ಸುಮಾರು 450ರದೆಂದು ಗಣಿಸಲಾದ ಶಾಸನವು ಕನ್ನಡದ ಅತಿ ಪ್ರಾಚೀನ ಬರಹಗಳಲ್ಲಿ ಒಂದು. ಅದರಲ್ಲಿಯೇ, ದತ್ತಿಯನ್ನು ಅಳಿದವನಿಗೆ ಮಹಾಪಾತಕವೆಂಬ ಎಚ್ಚರಿಕೆ ಬರುತ್ತದೆ. ಕನ್ನಡವು ಕಲ್ಲನ್ನು ಏರಿದ ಕಾಲದಿಂದಲೂ ಶಾಪವು ಅದರ ಜೊತೆಗಿದೆ ಎನ್ನಬಹುದು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ಈ ಭಾಗವು ಬೆಳೆದು, ವಿದ್ವಾಂಸರು ‘ಶಾಪಾಶಯ’ವೆಂದು ಕರೆಯುವ ನಿಯತವಾದ ಅಂಗವಾಯಿತು. ದೇವದುರ್ಗ ತಾಲ್ಲೂಕಿನ ಗಬ್ಬೂರನ್ನು ಒಳಗೊಂಡು ರಾಯಚೂರು ಸೀಮೆಯ ಊರುಗಳಲ್ಲಿ ನಿಂತಿರುವ ಆ ಕಾಲದ ದತ್ತಿಶಾಸನಗಳ ಪದ್ಧತಿಯೂ ಇದೇ.

ಶಾಪಾಶಯಕ್ಕೆ ಎರಡು ಮುಖಗಳು. ಧರ್ಮವನ್ನು ಕಾಪಾಡಿದವನಿಗೆ ವಾರಣಾಸಿ, ಕುರುಕ್ಷೇತ್ರ, ಪ್ರಯಾಗಗಳಲ್ಲಿ ಕೊಂಬು ಗೊರಸುಗಳನ್ನು ಹೊನ್ನಿನಿಂದ ಅಲಂಕರಿಸಿದ ಸಾವಿರ ಕವಿಲೆಗಳನ್ನು ದಾನವಿತ್ತ ಫಲ. ಅಳಿದವನಿಗೆ ಅದೇ ಕ್ಷೇತ್ರಗಳಲ್ಲಿ ಅದೇ ಕವಿಲೆಗಳನ್ನು ಕೊಂದ ಪಾಪ. ಭೂಮಿಯನ್ನು ಅಪಹರಿಸಿದವನು ಸಾವಿರಾರು ವರ್ಷ ಹುಳುವಾಗಿ ಹುಟ್ಟುವನೆಂಬುದೂ ಬರುತ್ತದೆ. ಸ್ಥಳವೂ ಒಂದೇ, ಸಂಖ್ಯೆಯೂ ಒಂದೇ. ದಾನ ಮತ್ತು ಕೊಲೆ ಎಂಬ ಕ್ರಿಯೆಯೊಂದೇ ಬೇರೆ. ಹರಕೆ ಮತ್ತು ಶಾಪಗಳು ಒಂದೇ ತಕ್ಕಡಿಯ ಎರಡು ತಟ್ಟೆಗಳಾಗಿ ಇಲ್ಲಿ ತೂಗುತ್ತವೆ. ಶಾಸನದ ನೆತ್ತಿಯ ಮೇಲೆ ಲಿಂಗ, ಹಸು ಕರು, ಸೂರ್ಯ ಚಂದ್ರರನ್ನು ಕೆತ್ತುವುದರ ಉದ್ದೇಶವೂ ಗಮನಾರ್ಹ. ಓದು ಬಾರದವನಿಗೂ ಆ ಚಿತ್ರಗಳು ಸಾಕ್ಷಿಗಳ ಹೆಸರನ್ನು ಹೇಳುತ್ತವೆ. ಗ್ರೀಕರ ಆಣೆಗಳಲ್ಲಿಯೂ ಸೂರ್ಯನೂ ಭೂಮಿಯೂ ಸಾಕ್ಷಿಗಳಾಗಿ ಬರುತ್ತಾರೆಂಬುದನ್ನು ಇದರೊಡನೆ ಹೋಲಿಸಬಹುದು.

ಇದರ ಅವಶ್ಯಕತೆಯೇನಿತ್ತು? ದತ್ತಿ ಬಿಡುವ ಅರಸನ ಆಜ್ಞೆ ಅವನಿರುವವರೆಗೆ ನಡೆಯುತ್ತದೆ. ಅವನ ಮೊಮ್ಮಗನ ಕಾಲಕ್ಕೆ, ಅಥವಾ ಅವನ ವಂಶವನ್ನು ಕಿತ್ತೆಸೆದ ಹೊಸ ಅರಸನ ಕಾಲಕ್ಕೆ, ಆ ಭೂಮಿಯನ್ನು ಕಾಯುವವರು ಯಾರು? ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲವು ಎಷ್ಟು ಅರಸು ಮನೆತನಗಳ ಕೈ ಬದಲಿಸಿತೆಂಬುದು ಇತಿಹಾಸ ಬಲ್ಲವರಿಗೆಲ್ಲ ತಿಳಿದದ್ದು. ಸಾಲೆಗೆ, ಕೆರೆಗೆ, ಛತ್ರಕ್ಕೆ ಬಿಟ್ಟ ಭೂಮಿಗೆ ಮುಂದಣ ಅರಸನ ವಿರುದ್ಧ ಇದ್ದ ರಕ್ಷಣೆಯೆಂದರೆ ಅವನ ಅಂತಃಕರಣದ ಭೀತಿಯೊಂದೇ. ಶಾಪಾಶಯವು ಅಧಿಕಾರವಿಲ್ಲದ ನಾಳೆಗೆ ಇಂದು ಬರೆದಿಟ್ಟ ಕಾವಲು. ಮಠಗಳಿಗೆ ಬಿಟ್ಟ ದತ್ತಿಗಳ ಶಾಸನಗಳೂ ಈ ರೂಢಿಗೆ ಹೊರತಲ್ಲ.

ಕತ್ತಲೆಯ ಶಾಪ ಮತ್ತು ಅದನ್ನು ನಿರಾಕರಿಸಿದವಳು

ಬಹಿರಂಗದ ಈ ಶಾಪಗಳಲ್ಲದೆ ಗುಟ್ಟಿನ ಶಾಪಗಳೂ ಗ್ರೀಕರಲ್ಲಿ ಹೇರಳವಾಗಿದ್ದವು. ಸೀಸದ ತೆಳುವಾದ ತಗಡಿನ ಮೇಲೆ ಶತ್ರುವಿನ ಹೆಸರನ್ನು ಗೀಚಿ, ಸುರುಳಿ ಸುತ್ತಿ, ಮೊಳೆ ಹೊಡೆದು, ಅಕಾಲದಲ್ಲಿ ಸತ್ತವರ ಗೋರಿಯಲ್ಲಿಯೋ ಬಾವಿಯಲ್ಲಿಯೋ ಹಾಕುತ್ತಿದ್ದರು. ಇದಕ್ಕೆ ‘ಕತಾದೆಸ್ಮೊಸ್’, ಎಂದರೆ ಕಟ್ಟುವಿಕೆ, ಎಂದು ಹೆಸರು. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಇಂತಹ ತಗಡುಗಳು 1,500ಕ್ಕೂ ಹೆಚ್ಚಾಗಿ ದೊರೆತಿವೆ. ಅವುಗಳಲ್ಲಿ ಬಹಳಷ್ಟು ನ್ಯಾಯಾಲಯದ ವ್ಯಾಜ್ಯಗಳಿಗೆ ಸಂಬಂಧಪಟ್ಟವು. ಎದುರಾಳಿಯ ನಾಲಗೆ ಕಟ್ಟಿಹೋಗಲಿ ಎಂಬುದೇ ಅವುಗಳ ಬೇಡಿಕೆ. ಬಾಯಿ ಕಟ್ಟುವುದು, ಕೈ ಕಟ್ಟುವುದು ಎಂದು ನಮ್ಮಲ್ಲಿ ಮಾಟಗಾರರ ಭಾಷೆಯಲ್ಲಿ ಬಳಕೆಯಾಗುವ ‘ಕಟ್ಟು’ ಎಂಬ ಕ್ರಿಯಾಪದವೇ ಅಲ್ಲಿಯೂ ಇರುವುದು ಮನುಷ್ಯ ಸ್ವಭಾವದ ಏಕರೂಪತೆಗೆ ಸಾಕ್ಷಿ. ಹಣವಂತರ ಬಾಗಿಲಿಗೆ ಹೋಗಿ, ಅಲ್ಪ ಖರ್ಚಿನಲ್ಲಿ ಶತ್ರುವಿಗೆ ಕೇಡು ತರುವೆವೆಂದು ಹೇಳುವ ಅಲೆಮಾರಿ ಮಂತ್ರವಾದಿಗಳನ್ನು ಪ್ಲೇಟೊ ತೀಕ್ಷ್ಣವಾಗಿ ಖಂಡಿಸಿದ್ದಾನೆ.

ಇಂತಹ ಸಮಾಜದಲ್ಲಿ ನಡೆದುದಾಗಿ ಪ್ಲೂಟಾರ್ಕ್ ಬರೆದಿರುವ ಪ್ರಸಂಗವೊಂದು ಸ್ಮರಣೀಯ. ಕ್ರಿ.ಪೂ. 415ರಲ್ಲಿ ಅಥೆನ್ಸಿನ ಸೇನಾನಿ ಆಲ್ಸಿಬಿಯಾಡಿಸ್‌ನ ಮೇಲೆ ದೇವದ್ರೋಹದ ಆರೋಪ ಬಂದು, ಎಲ್ಲ ಪೂಜಾರಿಗಳೂ ಪೂಜಾರಿಣಿಯರೂ ಅವನನ್ನು ಬಹಿರಂಗವಾಗಿ ಶಪಿಸಬೇಕೆಂದು ಪೌರಸಭೆ ಆಜ್ಞೆ ಮಾಡಿತು. ಥಿಯಾನೊ ಎಂಬ ಪೂಜಾರಿಣಿಯೊಬ್ಬಳು ಮಾತ್ರ ಒಪ್ಪಲಿಲ್ಲ. ತಾನು ಪ್ರಾರ್ಥಿಸುವುದಕ್ಕಾಗಿ ಪೂಜಾರಿಣಿಯಾದವಳೇ ಹೊರತು ಶಪಿಸುವುದಕ್ಕಾಗಿ ಅಲ್ಲವೆಂದು ಆಕೆ ಹೇಳಿದಳಂತೆ. ಭಾಷೆಯು ಒಂದುಗೂಡಿಸಿದ್ದನ್ನು ಒಬ್ಬ ಹೆಣ್ಣುಮಗಳು ತನ್ನ ವಿವೇಕದಿಂದ ಬೇರ್ಪಡಿಸಿದಳು. ಇನ್ನೊಬ್ಬರನ್ನು ಕಟ್ಟುವ ಮಾತನ್ನು ತಾನು ಆಡುವುದಿಲ್ಲವೆಂಬುದೇ ಆಕೆಯ ನಿಲುವಿನ ಸಾರ.

ಹೊತ್ತವರೊಬ್ಬರು, ತೀರಿಸಿದವರೊಬ್ಬರು

ಶಾಪವು ಪರರನ್ನು ಕಟ್ಟುತ್ತದೆಯೆಂಬುದು ಸ್ಪಷ್ಟವಾಗಿಯೇ ಇದೆ. ಆದರೆ ಹರಕೆಯೂ ಪರರನ್ನು ಕಟ್ಟಬಲ್ಲುದೆಂಬುದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಯೂರಿಪಿಡಿಸ್ ಮಹಾಕವಿಯ ‘ಟಾರಿಸ್‌ನಲ್ಲಿ ಇಫಿಜಿನಿಯಾ’ ಎಂಬ ನಾಟಕದ ಮೂಲ ಇಂತಹ ಒಂದು ಹರಕೆ. ಆ ವರ್ಷ ಹುಟ್ಟಿದವುಗಳಲ್ಲಿ ಅತಿ ಸುಂದರವಾದುದನ್ನು ಆರ್ಟೆಮಿಸ್‌ಗೆ ಒಪ್ಪಿಸುವೆನೆಂದು ಅರಸ ಅಗಮೆಮ್ನಾನ್ ಹರಕೆ ಹೊತ್ತನು. ಆ ವರ್ಷ ಅವನ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು. ಹರಕೆ ತೀರಲಿಲ್ಲ, ವರ್ಷಗಳು ಕಳೆದ ಮೇಲೆ ಅವನ ಹಡಗುಗಳು ಗಾಳಿಯಿಲ್ಲದೆ ನಿಂತವು. ಕಾಲಜ್ಞಾನಿಯು ಹಳೆಯ ಸಾಲವನ್ನು ನೆನಪಿಸಿದನು. ಮಗಳನ್ನು ಬಲಿಪೀಠಕ್ಕೆ ಕರೆತಂದಾಗ ದೇವಿಯು ಅವಳ ಸ್ಥಳದಲ್ಲಿ ಜಿಂಕೆಯನ್ನಿರಿಸಿ ಅವಳನ್ನು ದೂರದ ನಾಡಿನ ತನ್ನ ಗುಡಿಗೆ ಒಯ್ದಳು. ಪ್ರಾಣವೇನೋ ಉಳಿಯಿತು. ಆದರೆ ಪತಿಯಿಲ್ಲದೆ, ಮಕ್ಕಳಿಲ್ಲದೆ, ಊರಿಲ್ಲದೆ ದೇವಿಯ ಸೇವೆಯಲ್ಲಿ ಸವೆಯುವ ಬಾಳು ಅವಳದಾಯಿತು. ತಂದೆಯ ಬಾಯಿಂದ ಹೊರಟ ಮಾತು, ತೆತ್ತವಳು ಮಗಳು.

ಈ ಕಥೆಗೆ ಕನ್ನಡದೊಡನೆ ಒಂದು ವಿಚಿತ್ರವಾದ ನಂಟೂ ಉಂಟು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ, ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ಪ್ರಹಸನವೊಂದು ಇದೇ ನಾಟಕದ ಹಾಸ್ಯಾನುಕರಣ. ಅದರಲ್ಲಿ ಗ್ರೀಕ್ ತರುಣಿಯು ಭಾರತದ ಕರಾವಳಿಯ ಗುಡಿಯೊಂದರಲ್ಲಿ ಸೆರೆಯಾಗಿದ್ದಾಳೆ. ಅಲ್ಲಿಯ ಜನರ ಬಾಯಲ್ಲಿ ಬರುವ ಮಾತುಗಳು ಕನ್ನಡವೆಂದು ಹುಲ್ಟ್ಜ್ 1904ರಲ್ಲಿ ಸೂಚಿಸಿದನು, ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಆ ವಿಚಾರವನ್ನು ಮುಂದುವರಿಸಿದರು. ಬಾರ್ನೆಟ್ ಮೊದಲಾದವರು ಒಪ್ಪಲಿಲ್ಲ. ಆ ವಾದ ಹಾಗಿರಲಿ.

ಪ್ರಹಸನದ ಕಲ್ಪನೆಗಿಂತ ಕಠೋರವಾದ ಸತ್ಯ ಈ ನೆಲದಲ್ಲಿಯೇ ಇತ್ತು. ಉತ್ತರ ಕರ್ನಾಟಕದಲ್ಲಿ ಯಲ್ಲಮ್ಮನ ಹೆಸರಿನಲ್ಲಿ ಹೊತ್ತ ಹರಕೆಗಳು ಉಡಿಯಕ್ಕಿಯಲ್ಲಿಯೋ ಬೆಳ್ಳಿಯ ಕಣ್ಣಿನಲ್ಲಿಯೋ ಮುಗಿಯುತ್ತಿದ್ದರೆ ಹೇಳತಕ್ಕದ್ದೇನೂ ಇರಲಿಲ್ಲ. ಮನೆಯಲ್ಲಿ ರೋಗ ಬಿಡದಿದ್ದರೆ, ಗಂಡು ಸಂತಾನವಿಲ್ಲದಿದ್ದರೆ, ಹುಡುಗಿಯ ತಲೆಯಲ್ಲಿ ಜಡೆ ಕಟ್ಟಿಕೊಂಡರೆ, ದೇವಿಯು ಬೇಡುತ್ತಿದ್ದಾಳೆಂದು ಬಗೆದು ಹೆಣ್ಣುಮಗಳನ್ನೇ ಒಪ್ಪಿಸುವ, ಅವಳ ಕೊರಳಿಗೆ ಮುತ್ತು ಕಟ್ಟುವ ಪದ್ಧತಿ ಬೆಳೆಯಿತು. ಹೀಗೆ ಒಪ್ಪಿಸಲಾದವರಲ್ಲಿ ಬಹುಮಟ್ಟಿನವರು ದಲಿತ ಕುಟುಂಬಗಳ ಮಕ್ಕಳು. ಹರಕೆ ಹೊತ್ತವರು ಹಿರಿಯರು. ಹರಕೆಯ ಫಲ ಮನೆಗೆ. ಅದನ್ನು ಬಾಳಿನುದ್ದಕ್ಕೂ ತೀರಿಸಬೇಕಾದವಳು, ಆ ಮಾತನ್ನು ಆಡಿದಾಗ ಅರ್ಥ ತಿಳಿಯದ ಬಾಲಿಕೆ. ಕರ್ನಾಟಕವು 1982ರ ಕಾಯಿದೆಯಿಂದ ಈ ಸಮರ್ಪಣೆಯನ್ನು ನಿಷೇಧಿಸಿತು. ಆದರೂ 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳಲ್ಲಿ ಗುರುತಿಸಲಾದ ದೇವದಾಸಿಯರ ಸಂಖ್ಯೆ ನಲವತ್ತಾರು ಸಾವಿರವನ್ನು ಮೀರಿತು; ರಾಯಚೂರು ಆ ಜಿಲ್ಲೆಗಳ ಪಟ್ಟಿಯಲ್ಲಿ ಸೇರಿದೆ. ಇಫಿಜಿನಿಯಾಳಿಗೆ ಬದಲಾಗಿ ಜಿಂಕೆಯನ್ನಿತ್ತ ದೇವಿ ಇವರ ಪಾಲಿಗೆ ಒದಗಲಿಲ್ಲ.

ವ್ಯಾಪಾರದಿಂದ ವ್ರತಕ್ಕೆ

ಕೊಟ್ಟು ಕೊಳ್ಳುವ ಈ ಭಕ್ತಿಯನ್ನು ಪ್ರಶ್ನಿಸಿದವರು ಹಲವು ಕಾಲಗಳಲ್ಲಿ ಕಾಣಿಸಿಕೊಂಡಿದ್ದಾರೆ. ಅಶೋಕ ಚಕ್ರವರ್ತಿಯ ಹೆಸರು ಸ್ಪಷ್ಟವಾಗಿ ಕೊರೆದಿರುವ ಶಾಸನ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆಯಿತು. ಅದೇ ಅರಸನು ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಬರೆಸಿದ ಶಾಸನಗಳಲ್ಲಿ ಒಂಬತ್ತನೆಯದು ಈ ವಿಷಯವನ್ನೇ ಕುರಿತದ್ದು. ರೋಗ, ಮದುವೆ, ಮಕ್ಕಳ ಜನನ, ಪ್ರಯಾಣಗಳ ಸಂದರ್ಭದಲ್ಲಿ ಜನರು ಮಾಡುವ ನಾನಾ ಮಂಗಲಗಳು ಅಲ್ಪಫಲದವೆಂದೂ, ಸೇವಕರಲ್ಲಿ ಸೌಜನ್ಯ, ಗುರುಗಳಲ್ಲಿ ಗೌರವ, ಪ್ರಾಣಿಗಳಲ್ಲಿ ಸಂಯಮಗಳೇ ಮಹಾಫಲದ ಮಂಗಲವೆಂದೂ ಅದು ಸಾರುತ್ತದೆ. ಈ ಅರಸನು ಗ್ರೀಕರಿಗೂ ಅವರ ಭಾಷೆಯಲ್ಲಿಯೇ ಧರ್ಮವನ್ನು ಹೇಳಿದನು. ಅಫಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ದೊರೆತ ಶಾಸನದಲ್ಲಿ ‘ಧರ್ಮ’ಕ್ಕೆ ‘ಎವ್ಸೆಬೆಯಾ’ ಎಂಬ ಗ್ರೀಕ್ ಶಬ್ದವಿದೆ. ದೈವದ ಬಗೆಗಿನ ಪೂಜ್ಯಭಾವವೆಂದು ಅದರ ಅರ್ಥ.

ಆ ‘ಎವ್ಸೆಬೆಯಾ’ ಎಂದರೇನೆಂದು ಕೆದಕಿದವರಲ್ಲಿ ಅಗ್ರಗಣ್ಯನು ಸಾಕ್ರೆಟಿಸ್. ದೇವರಿಗೆ ಕೊಡುವುದು, ದೇವರಿಂದ ಬೇಡುವುದು ಇಷ್ಟೇ ಭಕ್ತಿಯಾದರೆ ಅದು ದೇವಮಾನವರ ನಡುವಣ ಒಂದು ಬಗೆಯ ವ್ಯಾಪಾರವಲ್ಲವೆ ಎಂದು ಅವನು ಪ್ಲೇಟೊವಿನ ಸಂವಾದವೊಂದರಲ್ಲಿ ಕೇಳುತ್ತಾನೆ. ಒಳಿತು ಯಾವುದೆಂದು ದೇವರೇ ಬಲ್ಲರಾದ್ದರಿಂದ ಅವನು ಹೊನ್ನನ್ನಾಗಲಿ ಅಧಿಕಾರವನ್ನಾಗಲಿ ಹೆಸರಿಸದೆ ಒಳಿತನ್ನು ಮಾತ್ರ ಬೇಡುತ್ತಿದ್ದನೆಂದು ಕ್ಸೆನೊಫೋನನು ಬರೆದಿದ್ದಾನೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶಿವಶರಣರು ಇದೇ ಪ್ರಶ್ನೆಯನ್ನು ಎತ್ತಿದುದು ಮಾತ್ರವಲ್ಲ, ಅದನ್ನು ನಡೆಯಲ್ಲಿ ಪರಿಹರಿಸಿದರು. ಇಷ್ಟಲಿಂಗವು ಅಂಗೈಯಲ್ಲಿರುವಾಗ ದೂರದ ದೈವಕ್ಕೆ ಮುಡಿಪು ಕಟ್ಟುವ ಕಾರಣವಿಲ್ಲ. ಪಂಚಾಚಾರಗಳಲ್ಲಿ ಲಿಂಗಾಚಾರವು ಇಷ್ಟಲಿಂಗವಲ್ಲದೆ ಅನ್ಯವನ್ನು ಪೂಜಿಸಬಾರದೆಂದು ವಿಧಿಸುವುದರ ಹಿಂದೆ ಈ ತಿಳಿವೂ ಅಡಗಿದೆ. ಭಯ ಬಂದಾಗಲೊಂದು ದೈವ, ಆಸೆ ಬಂದಾಗಲೊಂದು ದೈವ ಎಂಬ ಸಂತೆಯ ವ್ಯವಹಾರಕ್ಕೆ ಅಲ್ಲಿ ತಾವಿಲ್ಲ. ಆದರೆ ಶರಣರು ಸಂಕಲ್ಪದ ಶಕ್ತಿಯನ್ನೇ ಅಲ್ಲಗಳೆದವರಲ್ಲ. ಅವರು ಹರಕೆಯ ಸ್ಥಾನದಲ್ಲಿ ವ್ರತವನ್ನು ಇರಿಸಿದರು. ಹರಕೆಯು ‘ನೀನಿತ್ತರೆ ನಾನೀಯುವೆ’ ಎನ್ನುತ್ತದೆ. ವ್ರತಕ್ಕೆ ‘ಇತ್ತರೆ’ ಎಂಬುದಿಲ್ಲ. ‘ಆಚಾರವೆ ಪ್ರಾಣವಾದ ರಾಮೇಶ್ವರಲಿಂಗ’ ಎಂಬ ಅಂಕಿತವನ್ನು ತಳೆದ ಅಕ್ಕಮ್ಮನ ವಚನಗಳು ಬಹುಮಟ್ಟಿಗೆ ವ್ರತದ ಮೀಮಾಂಸೆಯೇ ಆಗಿವೆ. ಅವಳ ದೃಷ್ಟಿಯಲ್ಲಿ ವ್ರತವು ತನ್ನ ನಡೆಗೆ ತಾನೇ ಹಾಕಿಕೊಂಡ ಮೇರೆ.

ಇದಕ್ಕಿಂತಲೂ ಹೃದಯಸ್ಪರ್ಶಿಯಾದ ಸಾಕ್ಷಿ ಸೂಳೆ ಸಂಕವ್ವೆಯದು. ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ ಅವಳದೆಂದು ಒಂದೇ ಒಂದು ವಚನ ಉಳಿದುಬಂದಿದೆ. ಅದರಲ್ಲಿ ಅವಳು ತನ್ನ ಹಿಂದಣ ವೃತ್ತಿಯ ಪರಿಭಾಷೆಯನ್ನು ಮರೆಮಾಚದೆ ಬಳಸಿ ಏಕನಿಷ್ಠೆಯ ಪ್ರತಿಜ್ಞೆ ಮಾಡುತ್ತಾಳೆ. ತಪ್ಪಿದರೆ ಒದಗುವ ಘೋರವಾದ ದಂಡನೆಯನ್ನು ತಾನೇ ಎಣಿಸುತ್ತಾಳೆ. ಕಡೆಗೆ ತನ್ನ ದೈವದ ಆಣೆಯಿಡುತ್ತಾಳೆ. ಗ್ರೀಕರ ‘ಎವ್ಖೆ’, ‘ಅರಾ’, ‘ಹೊರ್ಕೊಸ್’ ಎಂಬ ಮೂರೂ ಆ ಕೆಲವೇ ಸಾಲುಗಳಲ್ಲಿ ಒಂದಾಗಿವೆ. ಆದರೆ ಒಂದು ಮಹತ್ತರವಾದ ವ್ಯತ್ಯಾಸವುಂಟು. ಅಲ್ಲಿ ಬೇಡಿಕೆಯಿಲ್ಲ, ಶತ್ರುವಿನ ಹೆಸರಿಲ್ಲ, ಬೇರೊಬ್ಬರ ಬಾಳನ್ನು ಒತ್ತೆಯಿಟ್ಟ ಮಾತಿಲ್ಲ. ನುಡಿದವಳೂ ಅವಳೇ, ಕಟ್ಟುಬಿದ್ದವಳೂ ಅವಳೇ. ಸಮಾಜವು ಯಾರ ದೇಹವನ್ನು ಪರರ ವ್ಯವಹಾರದ ವಸ್ತುವಾಗಿ ಕಂಡಿತೋ ಅಂತಹ ಹೆಣ್ಣು ಇಲ್ಲಿ ತನ್ನ ಮಾತಿಗೆ ತಾನೇ ಒಡತಿಯಾಗಿ ನಿಂತಿದ್ದಾಳೆ.

ದೈವದ ಮುಂದೆ ಆಡಿದ ಮಾತು ಕಟ್ಟುತ್ತದೆಯೆಂದು ಗ್ರೀಕರು ನಂಬಿದ್ದರು. ಕನ್ನಡದ ಕಲ್ಲುಗಳೂ ಅದನ್ನೇ ನಂಬಿವೆ. ನೀರಮಾನ್ವಿಯ ದಾರಿಯಲ್ಲಿ ನಡೆಯುವ ಭಕ್ತನೂ ಅದನ್ನೇ ನಂಬುತ್ತಾನೆ. ಆ ನಂಬಿಕೆ ಸುಳ್ಳಲ್ಲ. ಆ ಮಾತು ಯಾರನ್ನು ಕಟ್ಟುತ್ತದೆ ಎಂಬುದೊಂದೇ ಕೇಳಬೇಕಾದ ಪ್ರಶ್ನೆ. ಮಗಳ ಕೊರಳನ್ನು ಕಟ್ಟಿದ ಮಾತು, ನೆರೆಯವನ ನಾಲಗೆಯನ್ನು ಕಟ್ಟಬಯಸಿದ ಮಾತು ಯಾವ ದೇವರ ಹೆಸರಿನಲ್ಲಿ ಹೊರಟರೂ ಶಾಪವೇ. ಆಡಿದವನನ್ನೇ ಕಟ್ಟಿ ನಿಲ್ಲಿಸುವ ಮಾತು ವ್ರತ. ನಡೆ ನುಡಿಗಳೊಂದಾಗಬೇಕೆಂಬ ಶರಣರ ಬೋಧೆಯ ಅರ್ಥವೂ ಇದೇ.